ಓಟಗಾರ ಆರ್ಥರ್ ವಾರ್ಟನ್

ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನ ಸೋಮನಾಥಪುರಕ್ಕೆ ಹೋದವರು ಕೇಶವ ದೇವಾಲಯದ ಹೊರಗೋಡೆಯ ವಿಗ್ರಹಗಳನ್ನು ಕಣ್ತುಂಬ ನೋಡುತ್ತಾರೆ. ಅವುಗಳ ಪೀಠದ ಕಡೆಗೆ ದೃಷ್ಟಿ ಹಾಯಿಸುವವರು ಕಡಮೆ. ಆ ಪೀಠಗಳಲ್ಲಿ ಅಲ್ಲಲ್ಲಿ ಸಣ್ಣ ಅಕ್ಷರಗಳಿವೆ. ಅವು ಶಿಲ್ಪಿಗಳ ಹೆಸರುಗಳು. ಮಲ್ಲಿತಮ್ಮನೆಂಬ ರೂವಾರಿಯ ಹೆಸರು ಎಲ್ಲರದಕ್ಕಿಂತ ಹೆಚ್ಚು ಸಲ ಕಾಣಸಿಗುತ್ತದೆ. ಹೊಯ್ಸಳ ದೊರೆ ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಈ ಗುಡಿಯನ್ನು ಕಟ್ಟಿಸಿದುದು 13ನೆಯ ಶತಮಾನದಲ್ಲಿ. ಏಳುನೂರಕ್ಕೂ ಹೆಚ್ಚು ವರ್ಷಗಳು ಕಳೆದ ಮೇಲೂ ಆ ಕಲ್ಲುಕುಟಿಗನ ಹೆಸರನ್ನು ನಾವು ಓದಬಹುದು. ತಾನು ಮಾಡಿದ ಕೆಲಸದ ಕೆಳಗೆ ತನ್ನ ಹೆಸರನ್ನು ತಾನೇ ಬರೆದಿಡುವ ಭಾಗ್ಯ ಶಿಲ್ಪಿಗೆ ಇತ್ತು.

ಓಟಗಾರನಿಗೆ ಅಂಥ ಭಾಗ್ಯವಿಲ್ಲ. ಅವನ ಕೆಲಸ ಹತ್ತು ಸೆಕೆಂಡುಗಳಲ್ಲಿ ಮುಗಿದುಹೋಗುತ್ತದೆ. ಅವನು ಓಡಿದ ಹಾದಿಯ ಮೇಲೆ ಮರುದಿನ ಹೆಜ್ಜೆಯ ಗುರುತೂ ಉಳಿಯುವುದಿಲ್ಲ. ಯಾರಾದರೂ ಬರೆದಿಟ್ಟರೆ ಉಂಟು, ಇಲ್ಲವಾದರೆ ಇಲ್ಲ. ಇಂಗ್ಲೆಂಡಿನ ಎಡ್ಲಿಂಗ್ಟನ್ ಎಂಬ ಗಣಿಗಾರರ ಊರಿನ ಸ್ಮಶಾನದಲ್ಲಿ ಹೀಗೆ ಒಬ್ಬ ಓಟಗಾರನು ಅರವತ್ತಾರು ವರ್ಷಗಳ ಕಾಲ ಹೆಸರಿಲ್ಲದ ಗೋರಿಯಲ್ಲಿ ಮಲಗಿದ್ದನು. ಅವನೇ ಆರ್ಥರ್ ವಾರ್ಟನ್. ಒಂದು ಕಾಲದಲ್ಲಿ ಆ ದೇಶದ ಅತ್ಯಂತ ವೇಗದ ಓಟಗಾರನೆನಿಸಿಕೊಂಡು, ಕಾಲ್ಚೆಂಡಾಟದ ಗೋಲುರಕ್ಷಕನಾಗಿಯೂ ಸಾವಿರಾರು ಜನರನ್ನು ಬೆರಗುಗೊಳಿಸಿದವನು ಅವನು.

ಆರ್ಥರ್ ವಾರ್ಟನ್ ಹುಟ್ಟಿದುದು ಪಶ್ಚಿಮ ಆಫ್ರಿಕದ ಕಡಲ ತೀರದಲ್ಲಿರುವ ಅಕ್ರಾ ಪಟ್ಟಣದಲ್ಲಿ, 1865ನೆಯ ಅಕ್ಟೋಬರ್ 28ರಂದು. ಇಂದು ಆ ದೇಶಕ್ಕೆ ಘಾನಾ ಎಂದು ಹೆಸರು. ಅಂದು ಅದನ್ನು ಗೋಲ್ಡ್ ಕೋಸ್ಟ್, ಎಂದರೆ ಚಿನ್ನದ ಕರಾವಳಿ, ಎಂದು ಕರೆಯುತ್ತಿದ್ದರು. ಅಲ್ಲಿಯ ಚಿನ್ನದ ಆಸೆಯಿಂದ ಬಂದ ಐರೋಪ್ಯ ವ್ಯಾಪಾರಿಗಳು ಇಟ್ಟ ಹೆಸರು ಅದು. ತಂದೆ ಹೆನ್ರಿ ವಾರ್ಟನ್ ವೆಸ್ಟ್ ಇಂಡೀಸಿನ ಗ್ರೆನೆಡಾ ದ್ವೀಪದವರು. ಮೆಥೊಡಿಸ್ಟ್ ಪಂಥದ ಪಾದ್ರಿಯಾಗಿ ಆಫ್ರಿಕಕ್ಕೆ ಬಂದು ಅಲ್ಲಿಯೇ ನೆಲೆಸಿದವರು. ಅವರ ಮೈಯಲ್ಲಿ ಆಫ್ರಿಕದ ರಕ್ತದೊಂದಿಗೆ ಸ್ಕಾಟ್‌ಲೆಂಡಿನ ರಕ್ತವೂ ಇತ್ತು. ತಾಯಿ ಆನಿ ಫ್ಲಾರೆನ್ಸ್ ಎಗಿರಿಬಾ ಅಲ್ಲಿಯ ಫಾಂಟೆ ಜನರ ರಾಜವಂಶಕ್ಕೆ ಸಂಬಂಧಿಸಿದವರು. ಹೀಗೆ ವಾರ್ಟನ್ ಬಡವರ ಮನೆಯಲ್ಲಿ ಹುಟ್ಟಿದವನಲ್ಲ. ಓದು, ಸ್ಥಾನಮಾನ, ಬಂಧುಬಳಗ ಎಲ್ಲವೂ ಇದ್ದ ಮನೆತನ ಅವನದು. ಮುಂದೆ ಅವನು ಕಂಡ ಬಡತನವನ್ನು ನೆನೆಯುವಾಗ ಈ ಮಾತನ್ನು ಮರೆಯಬಾರದು.

ಬಾಲ್ಯದಲ್ಲಿಯೇ ತಂದೆ ತೀರಿಕೊಂಡರು. ಆದರೂ ಮಗನ ವಿದ್ಯಾಭ್ಯಾಸ ನಿಲ್ಲಲಿಲ್ಲ. ಅವನನ್ನು ಇಂಗ್ಲೆಂಡಿಗೆ ಕಳುಹಿಸಿ ಕೆಲವು ವರ್ಷ ಲಂಡನ್ನಿನಲ್ಲಿ ಓದಿಸಿದರು. ಊರಿಗೆ ಹಿಂದಿರುಗಿದ್ದ ಅವನು 1882ರಲ್ಲಿ ಮತ್ತೆ ಹಡಗು ಹತ್ತಿದನು. ತಂದೆಯಂತೆ ಅವನೂ ಧರ್ಮಬೋಧಕನಾಗಬೇಕು ಎಂಬುದು ಮನೆಯವರ ಆಸೆ. ಮೊದಲು ಸ್ಟಾಫರ್ಡ್‌ಷೈರಿನ ಕ್ಯಾನಕ್ ಎಂಬಲ್ಲಿ, ಆಮೇಲೆ 1884ರಿಂದ ಉತ್ತರ ಇಂಗ್ಲೆಂಡಿನ ಡಾರ್ಲಿಂಗ್ಟನ್ ಪಟ್ಟಣದ ಕ್ಲೀವ್‌ಲೆಂಡ್ ಕಾಲೇಜಿನಲ್ಲಿ ಅವನು ಓದಿದನು. ಡಾರ್ಲಿಂಗ್ಟನ್ ರೈಲ್ವೆಯ ಇತಿಹಾಸದಲ್ಲಿ ಹೆಸರಾದ ಊರು; 1825ರಲ್ಲಿ ಪ್ರಾರಂಭವಾದ ಪ್ರಸಿದ್ಧ ರೈಲುಹಾದಿ ಹಾದುಹೋಗುತ್ತಿದ್ದ ಪಟ್ಟಣ. ವಾರಕ್ಕೆ ಆರು ದಿನ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಅಲ್ಲಿಯ ಜನಕ್ಕೆ ಶನಿವಾರ ಮಧ್ಯಾಹ್ನದ ಆಟವೆಂದರೆ ಹಬ್ಬ. ಆ ಹಬ್ಬದ ಗದ್ದಲ ಕಾಲೇಜಿನ ಗೋಡೆಯೊಳಗಿದ್ದ ತರುಣನನ್ನೂ ಸೆಳೆಯಿತು. ಓಟ, ಕಾಲ್ಚೆಂಡು, ಕ್ರಿಕೆಟ್, ಸೈಕಲ್ ಸವಾರಿ—ಯಾವುದಕ್ಕೆ ಕೈಯಿಟ್ಟರೂ ಅವನು ಇತರರಿಗಿಂತ ಮುಂದಾದನು. ಬೋಧಕನ ನಿಲುವಂಗಿಗೂ ಅವನಿಗೂ ಇದ್ದ ದೂರ ದಿನದಿನಕ್ಕೆ ಹೆಚ್ಚಿತು. ಕಡೆಗೆ ಅವನು ಧರ್ಮಬೋಧೆಯ ವ್ಯಾಸಂಗವನ್ನು ಕೈಬಿಟ್ಟನು. ಮನೆಯವರ ಆಸೆಯನ್ನು ಮೀರಿ, ಪರದೇಶದಲ್ಲಿ, ಕೇವಲ ತನ್ನ ಕಾಲುಗಳನ್ನು ನಂಬಿ ಬದುಕುತ್ತೇನೆಂದು ಹೊರಡುವುದು ಸಣ್ಣ ನಿರ್ಧಾರವಲ್ಲ.

ಅದು ಎಂಥ ಕಾಲವೆಂಬುದನ್ನೂ ಗಮನಿಸಬೇಕು. 1884ರ ಕೊನೆಯಲ್ಲಿ ಐರೋಪ್ಯ ರಾಷ್ಟ್ರಗಳ ಪ್ರತಿನಿಧಿಗಳು ಬರ್ಲಿನ್ ನಗರದಲ್ಲಿ ಸೇರಿ ಆಫ್ರಿಕದ ಮೇಲೆ ಹಕ್ಕು ಸ್ಥಾಪಿಸುವ ಬಗೆಯನ್ನು ಚರ್ಚಿಸಿದರು. ಆ ಮೇಜಿನ ಸುತ್ತ ಒಬ್ಬ ಆಫ್ರಿಕದವನೂ ಇರಲಿಲ್ಲ. ಕಪ್ಪು ಜನರು ಬುದ್ಧಿಯಲ್ಲಿಯೂ ದೇಹಶಕ್ತಿಯಲ್ಲಿಯೂ ಬಿಳಿಯರಿಗಿಂತ ಕೀಳು ಎಂಬ ಮಾತನ್ನು ಆಗ ಪಂಡಿತರೆನಿಸಿಕೊಂಡವರೇ ಗ್ರಂಥಗಳಲ್ಲಿ ಬರೆಯುತ್ತಿದ್ದರು. ಅಂಥ ದಿನಗಳಲ್ಲಿ ಅಕ್ರಾದ ಈ ತರುಣ ಇಂಗ್ಲೆಂಡಿನ ಓಟದ ಮೈದಾನಕ್ಕೆ ಇಳಿದನು.

1886ನೆಯ ಜುಲೈ 3ರಂದು ಲಂಡನ್ನಿನ ಸ್ಟ್ಯಾಂಫರ್ಡ್ ಬ್ರಿಡ್ಜ್ ಮೈದಾನದಲ್ಲಿ ಹವ್ಯಾಸಿ ಅಥ್ಲೆಟಿಕ್ ಸಂಘದ ವಾರ್ಷಿಕ ಸ್ಪರ್ಧೆಗಳು ನಡೆದವು. ಒಲಿಂಪಿಕ್ ಕ್ರೀಡೆಗಳು ಮತ್ತೆ ಹುಟ್ಟಲು ಇನ್ನೂ ಹತ್ತು ವರ್ಷ ಉಳಿದಿದ್ದ ಕಾಲವದು. ಆದುದರಿಂದ ಹವ್ಯಾಸಿ ಓಟಗಾರನಿಗೆ ಅದಕ್ಕಿಂತ ದೊಡ್ಡ ವೇದಿಕೆ ಬೇರೊಂದು ಇರಲಿಲ್ಲವೆಂದೇ ಹೇಳಬಹುದು. 100 ಗಜದ ಓಟಕ್ಕೆ ವಾರ್ಟನ್ ನಿಂತನು. ನೂರು ಗಜವೆಂದರೆ ಇಂದಿನ ಲೆಕ್ಕದಲ್ಲಿ ತೊಂಬತ್ತೊಂದೂವರೆ ಮೀಟರಿಗೆ ಸ್ವಲ್ಪ ಕಡಮೆ. ನಿಂತನು ಎಂಬ ಮಾತು ಇಲ್ಲಿ ಅಕ್ಷರಶಃ ನಿಜ. ಏಕೆಂದರೆ ಕೈಗಳನ್ನು ನೆಲಕ್ಕೂರಿ, ಬಾಗಿ ಕುಳಿತು ಓಟ ಪ್ರಾರಂಭಿಸುವ ಕ್ರಮ ಆಗ ಇನ್ನೂ ಬಳಕೆಗೆ ಬಂದಿರಲಿಲ್ಲ. ಕಾಲಿಗೆ ಆಸರೆಯಾಗಿ ಒದ್ದು ಹಾರಲು ಇಂದಿನಂತೆ ಹಿಂದುಗಡೆ ಕಟ್ಟೆಯೂ ಇರಲಿಲ್ಲ. ಓಟಗಾರರು ಗೆರೆಯ ಮೇಲೆ ನೆಟ್ಟಗೆ ನಿಂತು, ಪಿಸ್ತೂಲಿನ ಸದ್ದಿಗೆ ಹೊರಡುತ್ತಿದ್ದರು. ಕಾಲವನ್ನು ಅಳೆಯುತ್ತಿದ್ದುದು ಕೈಗಡಿಯಾರದಂತೆ ಹಿಡಿದ ನಿಲುಗಡಿಯಾರ. ಒತ್ತುತ್ತಿದ್ದುದು ಮನುಷ್ಯನ ಹೆಬ್ಬೆರಳು.

ಮೊದಲ ಸುತ್ತಿನಲ್ಲಿ ವಾರ್ಟನ್ ಗುರಿ ಮುಟ್ಟಿದಾಗ ಗಡಿಯಾರ ಸರಿಯಾಗಿ ಹತ್ತು ಸೆಕೆಂಡು ತೋರಿಸಿತು. ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡುವುದು ಆ ಕಾಲದ ಓಟಗಾರರ ಕನಸು. ಸೆಕೆಂಡಿಗೆ ಹತ್ತು ಗಜ! ಆ ರಾಷ್ಟ್ರೀಯ ಸ್ಪರ್ಧೆಯಲ್ಲಿ ಅದುವರೆಗೆ ಯಾರೂ ಅದನ್ನು ಸಾಧಿಸಿರಲಿಲ್ಲ. ಒಂದು ಸಲವಾದರೆ ಗಡಿಯಾರ ಹಿಡಿದವರ ಕೈ ತಪ್ಪಿತೆಂದು ಶಂಕಿಸುವವರು ಇರುತ್ತಿದ್ದರೇನೋ. ಅದೇ ದಿನ ಕೊನೆಯ ಸುತ್ತಿನಲ್ಲಿಯೂ ವಾರ್ಟನ್ ಹತ್ತೇ ಸೆಕೆಂಡಿನಲ್ಲಿ ಓಡಿ ಪ್ರಶಸ್ತಿಯನ್ನು ಗೆದ್ದನು. ಆ ಪ್ರಶಸ್ತಿಯನ್ನು ಪಡೆದ ಮೊದಲ ಕಪ್ಪು ಜನಾಂಗದ ಓಟಗಾರ ಅವನು, ವಯಸ್ಸು ಇಪ್ಪತ್ತು. ಮರುವರ್ಷ 1887ರಲ್ಲಿ ಮತ್ತೆ ಬಂದು ಆ ಪ್ರಶಸ್ತಿಯನ್ನು ಉಳಿಸಿಕೊಂಡನು. ಅದೇ ವರ್ಷ ಪ್ರೆಸ್ಟನ್ನಿಗೂ ಬ್ಲ್ಯಾಕ್‌ಬರ್ನಿಗೂ ನಡುವಿನ ಹಾದಿಯಲ್ಲಿ ಸೈಕಲ್ ಓಡಿಸಿ ದಾಖಲೆಯೊಂದನ್ನು ಸ್ಥಾಪಿಸಿದನೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು.

ಇಷ್ಟು ವೇಗವಾಗಿ ಓಡಬಲ್ಲವನು ಕಾಲ್ಚೆಂಡಾಟದಲ್ಲಿ ಮುಂಪಡೆಯಲ್ಲಿರುತ್ತಾನೆ ಎಂದೇ ಯಾರಾದರೂ ಊಹಿಸುತ್ತಾರೆ. ವಾರ್ಟನ್ ಮಾತ್ರ ಗೋಲುಕಂಬಗಳ ನಡುವೆ ನಿಂತನು. ಡಾರ್ಲಿಂಗ್ಟನ್ ತಂಡದಲ್ಲಿ ಅವನ ಆಟವನ್ನು ಕಂಡ ಪ್ರೆಸ್ಟನ್ ನಾರ್ತ್ ಎಂಡ್ ತಂಡದವರು 1886ರಲ್ಲಿ ಅವನನ್ನು ತಮ್ಮಲ್ಲಿಗೆ ಕರೆದುಕೊಂಡರು. ಆಗ ಆ ದೇಶದಲ್ಲಿ ಪ್ರೆಸ್ಟನ್ನಿಗೆ ಸಮನಾದ ತಂಡಗಳು ಬೆರಳೆಣಿಕೆಯಷ್ಟು. ವಾರ್ಟನ್ ಗೋಲು ಕಾಯುತ್ತಿದ್ದ 1886–87ರ ಸಾಲಿನಲ್ಲಿ ಆ ತಂಡವು ಪ್ರತಿಷ್ಠಿತ ಎಫ್.ಎ. ಕಪ್ಪಿನ ಸೆಮಿಫೈನಲ್ ತಲಪಿ, ವೆಸ್ಟ್ ಬ್ರಾಮ್ವಿಚ್ ಆಲ್ಬಿಯನ್ ತಂಡಕ್ಕೆ 3–1ರಿಂದ ಸೋತಿತು.

ಅಂದಿನ ಗೋಲುರಕ್ಷಕನ ಪಾಡು ಇಂದಿನವರಂತಿರಲಿಲ್ಲ. ಅವನಿಗೆ ಬೇರೆ ಬಣ್ಣದ ಅಂಗಿಯಿರಲಿಲ್ಲ, ಕೈಗವಸಿನ ಪದ್ಧತಿಯಿರಲಿಲ್ಲ, ಹಿಂದೆ ಬಲೆಯೂ ಇರಲಿಲ್ಲ. ಗೋಲಿನ ಮುಂದಿನ ಚೌಕದೊಳಗೆ ಮಾತ್ರ ಕೈಯಿಂದ ಚೆಂಡನ್ನು ಮುಟ್ಟಬೇಕೆಂಬ ನಿಯಮ ಬಂದುದು 1912ರಲ್ಲಿ. ಅದಕ್ಕೆ ಮೊದಲು ಅವನು ಚೌಕದಿಂದ ಬಹು ದೂರದವರೆಗೂ ಬಂದು ಚೆಂಡನ್ನು ಕೈಯಿಂದ ತಡೆಯಬಹುದಾಗಿತ್ತು. ಅದಕ್ಕೆ ಪ್ರತಿಯಾಗಿ ಎದುರಾಳಿಗಳಿಗೂ ಒಂದು ಸ್ವಾತಂತ್ರ್ಯವಿತ್ತು: ಗೋಲುರಕ್ಷಕನ ಕೈಯಲ್ಲಿ ಚೆಂಡಿರಲಿ ಬಿಡಲಿ, ಭುಜದಿಂದ ಗುದ್ದಿ ಅವನನ್ನು ಉರುಳಿಸಬಹುದಾಗಿತ್ತು. ಒಬ್ಬನು ಚೆಂಡನ್ನು ಒದೆಯುವುದು, ಇನ್ನಿಬ್ಬರು ಗೋಲುರಕ್ಷಕನನ್ನೇ ಕೆಡಹುವುದು ಆಗಿನ ಯುದ್ಧತಂತ್ರ. ಆದುದರಿಂದ ಆ ಜಾಗದಲ್ಲಿ ನಿಲ್ಲುವವನಿಗೆ ಚುರುಕು ಕಣ್ಣಿನ ಜೊತೆಗೆ ಗಟ್ಟಿ ಎಲುಬೂ ಬೇಕಾಗಿತ್ತು.

ವಾರ್ಟನ್ನನ ಮುಷ್ಟಿ ಬಲವಾದುದು. ಮೇಲಿಂದ ಬರುವ ಚೆಂಡನ್ನು ಹಿಡಿಯುವ ಗೊಡವೆಗೆ ಹೋಗದೆ ಗುದ್ದಿ ಬಹು ದೂರಕ್ಕೆ ಕಳುಹಿಸುವುದು ಅವನ ರೂಢಿ. ಕೆಲವೊಮ್ಮೆ ಅವನು ಗೋಲಿನ ಒಂದು ಮೂಲೆಯಲ್ಲಿ, ಆಟದಲ್ಲಿ ಆಸಕ್ತಿಯೇ ಇಲ್ಲದವನಂತೆ ಕುಕ್ಕರಗಾಲಿನಲ್ಲಿ ಕುಳಿತಿರುತ್ತಿದ್ದನು. ಗೋಲು ಬರಿದಾಗಿದೆಯೆಂದು ಎದುರಾಳಿ ಚೆಂಡನ್ನು ಒದೆಯುವ ಕ್ಷಣದಲ್ಲಿ ಚಿಮ್ಮಿ ಅಡ್ಡ ಬರುತ್ತಿದ್ದನು. ನೂರು ಗಜವನ್ನು ಹತ್ತು ಸೆಕೆಂಡಿನಲ್ಲಿ ಓಡುವವನಿಗೆ ಎಂಟು ಗಜದ ಗೋಲು ಎಷ್ಟರದು? ಮುಂದೊಂದು ಪಂದ್ಯದಲ್ಲಿ ಅವನು ಅಡ್ಡಪಟ್ಟಿಯನ್ನು ಹಿಡಿದು ನೇತಾಡುತ್ತ, ಬಂದ ಚೆಂಡನ್ನು ಎರಡು ಕಾಲುಗಳ ನಡುವೆ ಸಿಕ್ಕಿಸಿಕೊಂಡನಂತೆ. ಅವನ ಮೇಲೆ ನುಗ್ಗಿ ಬಂದ ಮೂವರು ಆಟಗಾರರು ತಡೆಯಿಲ್ಲದೆ ಗೋಲಿನೊಳಗೆ ಹೋಗಿ ಬಿದ್ದರಂತೆ. ಇದನ್ನು ಕಣ್ಣಾರೆ ಕಂಡ ಪ್ರೇಕ್ಷಕನೊಬ್ಬನು ದಶಕಗಳು ಕಳೆದ ಮೇಲೂ ಮರೆಯದೆ ಪತ್ರಿಕೆಗೆ ಬರೆದು ತಿಳಿಸಿದ್ದಾನೆ.

ಜನ ನಕ್ಕರು, ಚಪ್ಪಾಳೆ ತಟ್ಟಿದರು, ಅವನನ್ನು ನೋಡಲೆಂದೇ ಮೈದಾನಕ್ಕೆ ಬಂದರು. ಅವನು ಇಂಗ್ಲೆಂಡಿನ ಪರವಾಗಿ ಆಡಬೇಕೆಂದು ಬರೆದ ಪತ್ರಿಕೆಯೂ ಇತ್ತು. ಆದರೆ ಆಯ್ಕೆಗಾರರು ಅವನನ್ನು ಎಂದೂ ಕರೆಯಲಿಲ್ಲ. 1887ರಲ್ಲಿ ಒಂದು ಕ್ರೀಡಾಪತ್ರಿಕೆಯ ಅಂಕಣಕಾರನು ಅವನ ಆಟದ ಲೋಪವನ್ನು ತೋರಿಸುವ ನೆಪದಲ್ಲಿ ಅವನ ಮೈಬಣ್ಣವನ್ನೂ ಬುದ್ಧಿಯನ್ನೂ ಹೀಯಾಳಿಸಿದನು. ಬಿಳಿಯ ಗೋಲುರಕ್ಷಕನು ತಪ್ಪು ಮಾಡಿದರೆ ಅದು ಅವನೊಬ್ಬನ ತಪ್ಪು; ವಾರ್ಟನ್ ತಪ್ಪು ಮಾಡಿದರೆ ಅದು ಅವನ ಜನಾಂಗದ ತಪ್ಪು. ಈ ಬಗೆಯ ಅಳತೆಗೋಲನ್ನು ಮೇಲುಕೀಳುಗಳ ನಡುವೆ ಬಾಳಿದ ನಮ್ಮ ನಾಡಿನವರೂ ಅರಿಯದವರಲ್ಲ.

1888ರಲ್ಲಿ ವಾರ್ಟನ್ ಪ್ರೆಸ್ಟನ್ ತಂಡವನ್ನು ಬಿಟ್ಟನು. ಅದೇ ವರ್ಷ ಹನ್ನೆರಡು ತಂಡಗಳ ಫುಟ್‌ಬಾಲ್ ಲೀಗ್ ಪ್ರಾರಂಭವಾಯಿತು. ಪ್ರೆಸ್ಟನ್ ತಂಡವು ಒಂದು ಲೀಗ್ ಪಂದ್ಯವನ್ನೂ ಸೋಲದೆ ಆ ಮೊದಲ ಲೀಗನ್ನು ಗೆದ್ದು, ಎಫ್.ಎ. ಕಪ್ಪನ್ನೂ ಗೆದ್ದು, ಅಜೇಯರೆಂಬ ಬಿರುದು ಪಡೆಯಿತು. ಇನ್ನು ಕೆಲವು ತಿಂಗಳು ತಾಳಿದ್ದರೆ ಆ ಕೀರ್ತಿಯಲ್ಲಿ ಅವನಿಗೂ ಪಾಲು ಸಿಗುತ್ತಿತ್ತೋ ಏನೋ. ಅವನ ಮನಸ್ಸು ಆಗ ಓಟದ ಕಡೆಗಿತ್ತು—ಅದೂ ಹಣಕ್ಕಾಗಿ ಓಡುವ ಓಟದ ಕಡೆಗೆ.

ಹಣಕ್ಕಾಗಿ ಓಡುವುದೆಂದರೆ ಹವ್ಯಾಸಿಗಳ ಲೋಕದ ಬಾಗಿಲನ್ನು ತಾನಾಗಿ ಮುಚ್ಚಿಕೊಂಡಂತೆ. ಒಂದು ಸಲ ವೃತ್ತಿ ಓಟಗಾರನಾದವನಿಗೆ ಹವ್ಯಾಸಿ ಸಂಘದ ಸ್ಪರ್ಧೆಗಳಲ್ಲಿ ಮತ್ತೆ ಸ್ಥಾನವಿರಲಿಲ್ಲ. ಹವ್ಯಾಸಿತನವನ್ನು ಬಹು ಪವಿತ್ರವೆಂದು ಸಾರುತ್ತಿದ್ದವರು ಬಹುಮಟ್ಟಿಗೆ ಉಳ್ಳವರು. ಹೊಟ್ಟೆಪಾಡಿನ ಚಿಂತೆಯಿಲ್ಲದವರಿಗೆ ಬೆಳ್ಳಿಯ ಬಟ್ಟಲೇ ಸಾಕು. ಮನೆಯವರ ಹಾದಿಯನ್ನು ಬಿಟ್ಟು ಬಂದ ವಾರ್ಟನ್ನನಿಗೆ ಅದು ಸಾಲದಾಯಿತು.

ವೃತ್ತಿ ಓಟದ ರಾಜಧಾನಿ ಷೆಫೀಲ್ಡ್. ಉಕ್ಕಿಗೆ ಹೆಸರಾದ ಆ ನಗರದಲ್ಲಿ ನಡೆಯುತ್ತಿದ್ದ ಓಟಗಳ ಕ್ರಮವೇ ಬೇರೆ. ಎಲ್ಲರೂ ಒಂದೇ ಗೆರೆಯಿಂದ ಹೊರಡುತ್ತಿರಲಿಲ್ಲ. ಓಟಗಾರರ ಶಕ್ತಿಯನ್ನು ತೂಗಿನೋಡಿ, ನಿಧಾನವಾಗಿ ಓಡುವವನನ್ನು ಹಲವು ಗಜ ಮುಂದೆಯೂ ವೇಗದವನನ್ನು ಎಲ್ಲರಿಗಿಂತ ಹಿಂದೆಯೂ ನಿಲ್ಲಿಸುತ್ತಿದ್ದರು. ಎಲ್ಲರೂ ಒಟ್ಟಿಗೆ ಗುರಿ ಮುಟ್ಟುವಂತಾಗಬೇಕು, ಗೆಲ್ಲುವವನಾರೆಂದು ಕೊನೆಯ ಹೆಜ್ಜೆಯವರೆಗೂ ತಿಳಿಯಬಾರದು ಎಂಬುದು ಇದರ ಉದ್ದೇಶ. ಸುತ್ತಲೂ ಬಾಜಿ ಕಟ್ಟುವವರ ಜಂಗುಳಿ. ಹಣವಿರುವಲ್ಲಿ ಮೋಸವೂ ಇರುತ್ತದೆ. ಮುಂದಿನ ಓಟದಲ್ಲಿ ಅನುಕೂಲವಾದ ಜಾಗ ಸಿಗಲೆಂದು ಬೇಕೆಂದೇ ನಿಧಾನವಾಗಿ ಓಡುವವರು, ಸುಳ್ಳು ಹೆಸರಿನಿಂದ ಬರುವವರು, ಊರಾಚೆ ಗುಟ್ಟಾಗಿ ಅಭ್ಯಾಸ ಮಾಡುವವರು—ಹೀಗೆ ಹಲವು ಬಗೆಯವರು ಅಲ್ಲಿದ್ದರು. ಇಂಥಲ್ಲಿ ವಾರ್ಟನ್ನನಿಗೆ ಒಂದು ದೊಡ್ಡ ತೊಡಕಿತ್ತು. ಅವನು ಎರಡು ಬಾರಿ ರಾಷ್ಟ್ರೀಯ ಪ್ರಶಸ್ತಿ ಗೆದ್ದವನು. ಅವನ ವೇಗ ಗಡಿಯಾರದ ಸಾಕ್ಷಿಯೊಡನೆ ಎಲ್ಲರಿಗೂ ತಿಳಿದಿತ್ತು. ಸಾಲದುದಕ್ಕೆ ಅಷ್ಟು ಬಿಳಿಯರ ನಡುವೆ ಸುಳ್ಳು ಹೆಸರಿಟ್ಟುಕೊಂಡು ಮರೆಯಾಗುವಂತೆಯೂ ಇರಲಿಲ್ಲ. ಗೆದ್ದರೆ ನೇರವಾಗಿ ಓಡಿಯೇ ಗೆಲ್ಲಬೇಕಾಗಿತ್ತು.

1888ರ ಸೆಪ್ಟೆಂಬರಿನಲ್ಲಿ ಷೆಫೀಲ್ಡಿನ ಕ್ವೀನ್ಸ್ ಗ್ರೌಂಡ್ ಮೈದಾನದಲ್ಲಿ ಆ ಸಾಲಿನ ದೊಡ್ಡ ಓಟ ನಡೆಯಿತು. ಓಟವನ್ನೇ ಉದ್ಯೋಗವಾಗಿಸಿಕೊಂಡ, ಆ ಕಲೆಯ ಒಳಗುಟ್ಟುಗಳಲ್ಲಿ ಪಳಗಿದ ಸ್ಪರ್ಧಿಗಳನ್ನು ಹಿಂದಿಕ್ಕಿ ವಾರ್ಟನ್ ಗೆದ್ದನು. ಹವ್ಯಾಸಿಗಳಲ್ಲಿ ಮೊದಲಿಗನಾದವನು ವೃತ್ತಿನಿರತರಲ್ಲಿಯೂ ಮೊದಲಿಗನಾದನು. ಅವನ ಜೀವನದ ಶಿಖರ ಇದೇ ಎನ್ನಬೇಕು. ಆಗ ಅವನಿಗೆ ಇನ್ನೂ ಇಪ್ಪತ್ಮೂರು ತುಂಬಿರಲಿಲ್ಲ.

ಮರುವರ್ಷ ರಾದರ್‌ಹ್ಯಾಮ್ ಟೌನ್ ತಂಡ ಅವನಿಗೆ ಸಂಬಳ ಕೊಟ್ಟು ಗೋಲುರಕ್ಷಕನನ್ನಾಗಿ ನೇಮಿಸಿಕೊಂಡಿತು. ಅವನಿಗಿಂತ ಮೊದಲೇ ಆಂಡ್ರೂ ವಾಟ್ಸನ್ ಎಂಬ ಕಪ್ಪು ಜನಾಂಗದ ಆಟಗಾರನು 1881ರಲ್ಲಿ ಸ್ಕಾಟ್‌ಲೆಂಡ್ ತಂಡದ ನಾಯಕನಾಗಿದ್ದುದು ನಿಜ. ಅವನು ಹವ್ಯಾಸಿಯೆಂದು ಹೆಸರಾದವನು. ಕಾಲ್ಚೆಂಡಾಟವನ್ನು ವೃತ್ತಿಯಾಗಿ ಮಾಡಿಕೊಂಡ ಕಪ್ಪು ಜನಾಂಗದವರಲ್ಲಿ ಮೊದಲಿಗನೆಂದು ವಾರ್ಟನ್ನನನ್ನೇ ಸಾಮಾನ್ಯವಾಗಿ ಎಣಿಸುತ್ತಾರೆ. 1890ರಲ್ಲಿ ಅವನು ರಾದರ್‌ಹ್ಯಾಮಿನಲ್ಲಿ ಎಮಾ ಲಿಸ್ಟರ್ ಎಂಬವಳನ್ನು ಮದುವೆಯಾದನು. ಆಟದ ಜೊತೆಗೆ ಮದ್ಯದಂಗಡಿಯನ್ನೂ ನಡೆಸಿದನು. ಹೆಸರಾಂತ ಆಟಗಾರನು ಅಂಗಡಿಯಲ್ಲಿ ನಿಂತರೆ ಗಿರಾಕಿಗಳು ತಾವಾಗಿ ಬರುತ್ತಾರೆಂಬುದು ಆ ಕಾಲದ ವ್ಯಾಪಾರಿಗಳ ಲೆಕ್ಕ. ಆಟಗಾರನ ಆರೋಗ್ಯದ ಲೆಕ್ಕ ಅದರಲ್ಲಿ ಸೇರಿರಲಿಲ್ಲ. ಕುಡಿತ ಅವನನ್ನು ಅಂಟಿಕೊಂಡಿತು.

1894ರಲ್ಲಿ ಅವನು ಷೆಫೀಲ್ಡ್ ಯುನೈಟೆಡ್ ತಂಡಕ್ಕೆ ಹೋದನು. ಅದೇ ವರ್ಷ ಅಲ್ಲಿಗೆ ವಿಲಿಯಂ ಫೌಕ್ ಎಂಬ ತರುಣನೂ ಬಂದನು. ಭಾರಿ ದೇಹದ ಈ ಫೌಕ್ ಮುಂದೆ ಇಂಗ್ಲೆಂಡಿನ ಕಾಲ್ಚೆಂಡಾಟದ ಕಥೆಗಳಲ್ಲಿ ದೊಡ್ಡ ಪಾತ್ರವಾದವನು. ಅವನಿರುವಾಗ ವಾರ್ಟನ್ನನಿಗೆ ಗೋಲಿನಲ್ಲಿ ನಿಲ್ಲುವ ಅವಕಾಶ ಸಿಕ್ಕುದು ಅಪರೂಪ. 1895ರಲ್ಲಿ ಸಂಡರ್‌ಲೆಂಡ್ ತಂಡದ ಎದುರು ಆಡಿ, ಲೀಗಿನ ಮೊದಲ ದರ್ಜೆಯಲ್ಲಿ ಆಡಿದ ಮೊದಲ ಕಪ್ಪು ಜನಾಂಗದ ಆಟಗಾರನೆನಿಸಿಕೊಂಡನು. ಆಮೇಲಿನದು ಇಳಿಜಾರಿನ ಹಾದಿ. ಮತ್ತೆ ರಾದರ್‌ಹ್ಯಾಮ್, ಅಲ್ಲಿಂದ ಸ್ಟೇಲಿಬ್ರಿಡ್ಜ್, ಅಲ್ಲಿಂದ ಆಷ್ಟನ್. ಆಷ್ಟನ್ ತಂಡ ದಿವಾಳಿಯೆದ್ದ ಮೇಲೆ ಪುನಃ ಸ್ಟೇಲಿಬ್ರಿಡ್ಜ್. ಬೇಸಗೆಯಲ್ಲಿ ಸಂಬಳಕ್ಕೆ ಕ್ರಿಕೆಟ್. ಕೊನೆಗೆ ಸ್ಟಾಕ್‌ಪೋರ್ಟ್ ಕೌಂಟಿ ತಂಡದಲ್ಲಿ ಆಡಿ 1902ರಲ್ಲಿ ಆಟದಿಂದ ನಿವೃತ್ತನಾದನು.

ಆಗಿನ ವೃತ್ತಿ ಆಟಗಾರನಿಗೆ ಆಟ ಮುಗಿದ ಮೇಲೆ ಬದುಕುವ ದಾರಿಯೆಂದು ಯಾರೂ ಏನನ್ನೂ ಕಟ್ಟಿಟ್ಟಿರಲಿಲ್ಲ. ವಾರ್ಟನ್ ಡಾಂಕ್ಯಾಸ್ಟರ್ ಬಳಿಯ ಎಡ್ಲಿಂಗ್ಟನ್ನಿನ ಯಾರ್ಕ್‌ಷೈರ್ ಮೇನ್ ಕಲ್ಲಿದ್ದಲಿನ ಗಣಿಯನ್ನು ಸೇರಿದನು. ಇದ್ದಲು ತುಂಬಿದ ಬಂಡಿಗಳನ್ನು ಸುರಂಗಗಳಲ್ಲಿ ಸಾಗಿಸುವ ಕೆಲಸ. ಕೋಲಾರದ ಚಿನ್ನದ ಗಣಿಗಳಲ್ಲಿ ದುಡಿದವರ ಮಕ್ಕಳು ಮೊಮ್ಮಕ್ಕಳಿಗೆ ಆ ಬಾಳು ಎಂಥದೆಂದು ಬಿಡಿಸಿ ಹೇಳಬೇಕಾಗಿಲ್ಲ: ಭೂಮಿಯ ಆಳದ ಕತ್ತಲು, ಬಿಸಿ, ಎದೆಗಿಳಿಯುವ ದೂಳು. 1926ರಲ್ಲಿ ಗಣಿಮಾಲೀಕರು ಕೂಲಿ ಇಳಿಸಲು ಹೊರಟಾಗ ಬ್ರಿಟನ್ನಿನ ಗಣಿ ಕಾರ್ಮಿಕರು ಒಪ್ಪದೆ ತಿಂಗಳುಗಟ್ಟಲೆ ಕೆಲಸವಿಲ್ಲದೆ ಉಳಿದರು. ಕೊನೆಗೆ ಸೋತು ಗಣಿಗೆ ಹಿಂದಿರುಗಿದರು. ವಾರ್ಟನ್ನನಿಗೆ ಆ ವರ್ಷ ಅರವತ್ತೊಂದು ತುಂಬಿತು. ಸ್ಟ್ಯಾಂಫರ್ಡ್ ಬ್ರಿಡ್ಜಿನಲ್ಲಿ ಅವನು ಎರಡು ಬಾರಿ ಹತ್ತು ಸೆಕೆಂಡಿನಲ್ಲಿ ಓಡಿ ಸರಿಯಾಗಿ ನಲವತ್ತು ವರ್ಷ.

1930ರ ಡಿಸೆಂಬರಿನಲ್ಲಿ, ದೀರ್ಘಕಾಲದ ಕಾಯಿಲೆಯ ನಂತರ, ಡಾಂಕ್ಯಾಸ್ಟರಿನ ಆರೋಗ್ಯಧಾಮದಲ್ಲಿ ಅವನು ಕೊನೆಯುಸಿರೆಳೆದನು. ಎಡ್ಲಿಂಗ್ಟನ್ನಿನ ಸ್ಮಶಾನದಲ್ಲಿ ಬಡವರಿಗಾಗಿ ಇದ್ದ ಮೂರನೆಯ ದರ್ಜೆಯ ಜಾಗದಲ್ಲಿ ಹೂಳಿದರು. ಮೇಲೆ ಕಲ್ಲನ್ನು ನಿಲ್ಲಿಸಲಿಲ್ಲ. ಅವನ ಓಟವನ್ನು ನೋಡಿದವರು ಒಬ್ಬೊಬ್ಬರಾಗಿ ತೀರಿಕೊಂಡರು. ಕಾಲ್ಚೆಂಡಾಟದ ಚರಿತ್ರೆಯನ್ನು ಬರೆದವರು ಅವನನ್ನು ಬಿಟ್ಟು ಬರೆದರು. 1970ರ ದಶಕದಲ್ಲಿ ಕಪ್ಪು ಜನಾಂಗದ ತರುಣರು ಇಂಗ್ಲೆಂಡಿನ ತಂಡಗಳಲ್ಲಿ ಆಡತೊಡಗಿ, ಪ್ರೇಕ್ಷಕರ ಬೈಗುಳವನ್ನು ಕೇಳುತ್ತಿದ್ದಾಗ, ತಮಗಿಂತ ಎಂಬತ್ತು ತೊಂಬತ್ತು ವರ್ಷ ಮೊದಲೇ ಒಬ್ಬನು ಇದೇ ಮೈದಾನಗಳಲ್ಲಿ ನಿಂತಿದ್ದನೆಂಬುದನ್ನು ಅವರಿಗೆ ಹೇಳುವವರಿರಲಿಲ್ಲ.

ಫಿಲ್ ವಾಸಿಲಿ ಎಂಬ ಸಂಶೋಧಕರು ಹಳೆಯ ಪತ್ರಿಕೆಗಳನ್ನೂ ದಾಖಲೆಗಳನ್ನೂ ಹುಡುಕಿ ವಾರ್ಟನ್ನನ ಜೀವನವನ್ನು ಮತ್ತೆ ಬೆಳಕಿಗೆ ತಂದರು. 1998ರಲ್ಲಿ ಅವರು ಬರೆದ ಜೀವನಚರಿತ್ರೆ ಪ್ರಕಟವಾಯಿತು. ಆಟದ ಮೈದಾನದಲ್ಲಿ ವರ್ಣಭೇದವನ್ನು ತೊಡೆಯಲೆಂದು ಷೆಫೀಲ್ಡಿನಲ್ಲಿ ಹುಟ್ಟಿಕೊಂಡ ಸಂಘಟನೆಯೊಂದು ಅವನ ಗೋರಿಗಾಗಿ ಶ್ರಮಿಸಿತು. 2003ರಲ್ಲಿ ಇಂಗ್ಲಿಷ್ ಕಾಲ್ಚೆಂಡಾಟದ ಕೀರ್ತಿಭವನಕ್ಕೆ ಅವನ ಹೆಸರು ಸೇರಿತು. 2014ರಲ್ಲಿ ಅಲ್ಲಿಯ ಫುಟ್‌ಬಾಲ್ ಸಂಸ್ಥೆಯ ರಾಷ್ಟ್ರೀಯ ತರಬೇತಿ ಕೇಂದ್ರವಾದ ಸೇಂಟ್ ಜಾರ್ಜ್ಸ್ ಪಾರ್ಕಿನಲ್ಲಿ ಅವನ ಕಂಚಿನ ಪ್ರತಿಮೆಯನ್ನು ನಿಲ್ಲಿಸಿದರು. ಹಾರಿ, ಚಾಚಿದ ಬೆರಳ ತುದಿಯಿಂದ ಚೆಂಡನ್ನು ಅಡ್ಡಪಟ್ಟಿಯ ಆಚೆಗೆ ತಳ್ಳುತ್ತಿರುವ ಭಂಗಿ ಅದರದು. ಇಂಗ್ಲೆಂಡ್ ತಂಡಕ್ಕೆ ಒಮ್ಮೆಯೂ ಆಯ್ಕೆಯಾಗದವನ ಮುಂದಿನಿಂದಲೇ ಈಗ ಆ ತಂಡದವರು ಅಭ್ಯಾಸಕ್ಕೆ ಹೋಗುತ್ತಾರೆ.

ಇವೆಲ್ಲಕ್ಕಿಂತ ಮೊದಲು, 1997ನೆಯ ಮೇ ತಿಂಗಳಿನಲ್ಲಿ, ಎಡ್ಲಿಂಗ್ಟನ್ನಿನ ಸ್ಮಶಾನದಲ್ಲಿ ಒಂದು ಕಲ್ಲನ್ನು ನೆಟ್ಟರು. ಅದರ ಮೇಲೆ ಅವನ ಹೆಸರನ್ನು ಕೆತ್ತಿದ್ದಾರೆ.